ಅಪ್‌ಡೇಟ್: ಪಂಪ್ ಆನ್ ಆದ್ರೆ ಆರ್ಡುಯಿನೋ (ಕೋಡ್ ಹಾಕಿ ಓಡಿಸೋ ಪುಟ್ಟ ಕಂಟ್ರೋಲ್ ಬೋರ್ಡ್) ರೀಸೆಟ್ ಆಗ್ತಿತ್ತಲ್ಲ, ಸರಿಹೋಯ್ತು

ಹೋದ ವಾರ ಕೇಳಿದ್ನಲ್ಲ, ಕೋಲಾರದ ಹತ್ರ ನಮ್ಮ ಸ್ಕೂಲಲ್ಲಿ ಒಂಬತ್ತನೇ ಕ್ಲಾಸ್ ಮಕ್ಕಳು ಟೊಮೇಟೊ ಕುಂಡಕ್ಕೆ ತಾನೇ ನೀರು ಬಿಡೋ ಪ್ರಾಜೆಕ್ಟ್ ಮಾಡ್ತಿದ್ರು, ರಿಲೇ (ಪಂಪ್ ಆನ್-ಆಫ್ ಮಾಡೋ ಸ್ವಿಚ್) ಟಕ್ ಅಂದ ತಕ್ಷಣ ಬೋರ್ಡ್ ರೀಸೆಟ್ ಆಗ್ತಿದೆ ಅಂತ. ನೀವು ಹೇಳಿದ್ದೇ ಸರಿ, ಕೋಡ್ ತಪ್ಪಲ್ಲ, ಪಂಪಿಗೂ ಬೋರ್ಡಿಂದಾನೇ 5 ವೋಲ್ಟ್ ಕೊಟ್ಟಿದ್ವಿ, ಮೋಟ್ರು ಸ್ಟಾರ್ಟ್ ಆಗೋವಾಗ ಕರೆಂಟ್ ಜಾಸ್ತಿ ಎಳ್ದು ವೋಲ್ಟೇಜ್ ಕುಸೀತಿತ್ತು. ಪಂಪಿಗೇ ಅಂತ ಪ್ರತ್ಯೇಕ ಬ್ಯಾಟರಿ ಹಾಕಿದ್ವಿ, ರೀಸೆಟ್ ಆಗೋದು ನಿಂತೋಯ್ತು. (ನಾನು ಎರಡು ದಿನ ಕೋಡ್ ಕೆದಕ್ತಾ ಕೂತಿದ್ದೆ!)

ಮಣ್ಣಿನ ತೇವ ನೋಡೋ ಸೆನ್ಸರ್ ಒಣ ಮಣ್ಣಿಗೆ 1000 ಹತ್ರ, ಒದ್ದೆಗೆ 400 ಚಿಲ್ರೆ ತೋರಿಸ್ತಿತ್ತು, ಎಷ್ಟಕ್ಕೆ ಪಂಪ್ ಆನ್ ಮಾಡೋದು ಅಂತ ಹುಡುಗ್ರು ಕಿತ್ತಾಡ್ತಿದ್ರೆ, ಮನೇಲಿ ಡ್ರಿಪ್ ನೋಡ್ಕೊಳೋ ಹುಡುಗಿ ಒಬ್ಳು ಮಣ್ಣು ಉಂಡೆ ಕಟ್ಟಿ ನೋಡಿದ್ಳು, ಉಂಡೆ ನಿಲ್ಲದೆ ಉದುರೋ ಹೊತ್ಗೆ 700 ಇತ್ತು, ಅದನ್ನೇ ಇಟ್ವಿ. ಯಾವಾಗ್ಲೂ ಕರೆಂಟ್ ಹರೀತಿರೋದ್ರಿಂದ ಮಣ್ಣಲ್ಲಿರೋ ಸೆನ್ಸರ್ ಕಡ್ಡಿ ಆಗ್ಲೇ ಸವೀತಿದೆ, ಇನ್ಮೇಲೆ ರೀಡಿಂಗ್ ತಗೊಳೋವಾಗ ಮಾತ್ರ ಅದಕ್ಕೆ ಕರೆಂಟ್ ಕೊಡೋ ಥರ ಕೋಡ್ ಬದಲಾಯಿಸ್ತಿದಾರೆ.