2.5 ಎಂ.ಜಿ. ಗಮ್ಮಿಯಲ್ಲಿ ಅರ್ಧ, ದಿನಾ ರಾತ್ರಿ: ಇದು ಸರಿನಾ? ಅಮ್ಮನಿಗೂ ತರಬಹುದಾ?

ಚಳಿಯೂರಿನವಳು

ಮೊದಲೇ ಹೇಳಿಬಿಡುತ್ತೇನೆ, ಬೈಯೋಕೆ ಅಂತ ಬರಬೇಡಿ, ಅದನ್ನು ನನಗೆ ನಾನೇ ಮಾಡಿಕೊಂಡಿದ್ದೇನೆ. ನಾನಿರೋದು ಕೆನಡಾದ ಒಂಟಾರಿಯೋದಲ್ಲಿ. ಇಲ್ಲಿ ಗಾಂಜಾ 2018ರಿಂದ ಕಾನೂನುಬದ್ಧ. ಐಡಿ ತೋರಿಸಿದರೆ ಹಾಲು ತಂದ ಹಾಗೆ ತರಬಹುದು. ರಾತ್ರಿ ಎರಡು ಗಂಟೆಯಾದರೂ ನಿದ್ದೆ ಬರದೆ ಒದ್ದಾಡುತ್ತಿದ್ದೆ, ಆಫೀಸಿನ ಗೆಳತಿ ಗಮ್ಮಿ (ಗಾಂಜಾ ಬೆರೆಸಿದ, ಜಗಿಯುವ ಮಿಠಾಯಿ) ಹೇಳಿಕೊಟ್ಟಳು. ಪ್ಯಾಕಿನಲ್ಲಿ ನಾಲ್ಕು ತುಂಡು, ತಲಾ 2.5 ಎಂ.ಜಿ. ಟಿಎಚ್‌ಸಿ (ಗಾಂಜಾದಲ್ಲಿ ಅಮಲು ಕೊಡುವ ಅಂಶ), ಅಷ್ಟೇ ಸಿಬಿಡಿ (ಅಮಲು ಕೊಡದ ಇನ್ನೊಂದು ಅಂಶ). ಅಮ್ಮ ಕೊಟ್ಟ ಅಡಕತ್ತರಿಯಲ್ಲಿ (ಇಲ್ಲಿ ಅದಕ್ಕೆ ಬೇರೆ ಕೆಲಸ ಇಲ್ಲ) ಒಂದನ್ನು ಅರ್ಧ ಮಾಡಿ ಊಟ ಆದಮೇಲೆ ತಿನ್ನುತ್ತೇನೆ. ಅಮಲು ಗಿಮಲು ಏನೂ ಇಲ್ಲ, ಭುಜ ಸ್ವಲ್ಪ ಸಡಿಲ ಆಗುತ್ತದೆ, ತಲೆಯೊಳಗಿನ ಗಲಾಟೆ ಕಡಿಮೆ ಆಗುತ್ತದೆ. ಆರು ವಾರ ಆಯಿತು. ಆದರೆ ಹೋದ ವಾರದಿಂದ ಅರ್ಧ ಸಾಲದು ಅನ್ನಿಸಿ ಇಡೀ ತುಂಡು ಶುರುವಾಗಿದೆ. ಇನ್ನೊಂದು ವಿಷಯ, ಆತಂಕಕ್ಕೆ ಎಸ್ಸಿಟಾಲೊಪ್ರಾಮ್ ಕೂಡ ತಗೊಳ್ಳುತ್ತಿದ್ದೇನೆ.

ಡಿಸೆಂಬರಿನಲ್ಲಿ ಮೈಸೂರಿಗೆ ಬರುತ್ತೇನೆ. ಅಮ್ಮನಿಗೆ ಮಂಡಿನೋವು ಜಾಸ್ತಿ. ಹಾರ್ಟ್ ವಾಲ್ವ್ ಹಾಕಿಸಿಕೊಂಡಿರುವುದರಿಂದ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ಎರಡು ಪ್ಯಾಕ್ ಗಮ್ಮಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದರೆ ಏನಾಗುತ್ತೆ?

ಮಾತ್ರೆಕಾಕ

ಆಸ್ಪತ್ರೆ ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ ಮೇಡಂ. ಅಮ್ಮನ ವಿಷಯ ಮೊದಲು. ಬೇಡವೇ ಬೇಡ. ವಾರ್ಫರಿನ್ ಅನ್ನು ಕರಗಿಸುವುದು ಲಿವರಿನ ಕೆಲವು ಕಿಣ್ವಗಳು, ಸಿಬಿಡಿ ಅವುಗಳ ಕೆಲಸವನ್ನೇ ನಿಧಾನ ಮಾಡುತ್ತದೆ. ಮಾತ್ರೆ ಅಷ್ಟೇ ನುಂಗಿದರೂ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ) ಮೇಲಕ್ಕೆ ಹೋಗುತ್ತದೆ, ಆಮೇಲೆ ಒಸಡಿನಲ್ಲೋ ಹೊಟ್ಟೆಯಲ್ಲೋ ರಕ್ತ. ನಿಮ್ಮ ಎಸ್ಸಿಟಾಲೊಪ್ರಾಮ್‌ಗೂ ಇದೇ ಮಾತು, ಸಿಬಿಡಿ ಅದರ ಮಟ್ಟವನ್ನೂ ಏರಿಸಬಹುದು. ನಿಮ್ಮ ಡೋಸ್ ಸಣ್ಣದು, ಗಾಬರಿ ಬೇಡ, ಆದರೆ ಡಾಕ್ಟರಿಗೆ ಹೇಳಿ. ಕೆನಡಾದಲ್ಲಿ ಇದನ್ನು ಹೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಇನ್ನು ಡೋಸ್. 2017ರಲ್ಲಿ ಶಿಕಾಗೋದಲ್ಲಿ 42 ಜನರ ಮೇಲೆ ಒಂದು ಪ್ರಯೋಗ ಆಯಿತು. ಕೆಲವರಿಗೆ 7.5 ಎಂ.ಜಿ. ಟಿಎಚ್‌ಸಿ, ಕೆಲವರಿಗೆ 12.5, ಉಳಿದವರಿಗೆ ಸುಮ್ನೆ ಖಾಲಿ ಮಾತ್ರೆ ಕೊಟ್ಟು, ಸುಳ್ಳು ಸಂದರ್ಶನ ಮಾಡಿ, ಲೆಕ್ಕ ಕೇಳಿ ಬೆವರಿಳಿಸಿದರು. 7.5 ತಗೊಂಡವರಿಗೆ ಒತ್ತಡ ಕಡಿಮೆ ಅನ್ನಿಸಿತು. 12.5 ತಗೊಂಡವರಿಗೆ ಇನ್ನೂ ಕೆಟ್ಟದಾಯಿತು. ಅಂದರೆ ಐದೇ ಐದು ಎಂ.ಜಿ. ವ್ಯತ್ಯಾಸದಲ್ಲಿ ಔಷಧಿ ತಿರುಗಿಬಿತ್ತು. ಮೈಕ್ರೋಡೋಸ್ (ಅಮಲೇರದಷ್ಟು ಸಣ್ಣ ಡೋಸ್) ಅನ್ನುವವರೆಲ್ಲ ಇದನ್ನೇ ಹಿಡಿದುಕೊಂಡು ಓಡಾಡುತ್ತಾರೆ. ಆದರೆ ಅದು ಒಂದೇ ಸಲದ ಡೋಸ್, ಆ ಜನ ದಿನಾ ತಗೊಳ್ಳುವವರೂ ಅಲ್ಲ. ದಿನಾ ತಿಂದರೆ ಏನಾಗುತ್ತೆ ಅಂತ ಅದು ಹೇಳುವುದಿಲ್ಲ, ಅದನ್ನು ನೀವೇ ಹೇಳಿದಿರಿ: ಆರು ವಾರಕ್ಕೆ ಅರ್ಧ ಹೋಗಿ ಒಂದಾಯಿತು. ಇನ್ನೂ ಏರಿಸುವ ಬದಲು ಎರಡು ವಾರ ನಿಲ್ಲಿಸಿ ನೋಡಿ. ಮತ್ತೆ, ಅಡಕತ್ತರಿಯಲ್ಲಿ ಕತ್ತರಿಸಿದರೆ ಎರಡೂ ಹೋಳಿನಲ್ಲಿ ಸಮ ಇರುತ್ತೆ ಅಂತೇನಿಲ್ಲ.

ಎರಡನೇತುಂಡು

ನನ್ನ ಹೆಸರು ನೋಡಿದರೇ ಗೊತ್ತಾಗುತ್ತೆ ಅಲ್ವಾ. ಟೊರಾಂಟೊಗೆ ಬಂದ ಹೊಸದರಲ್ಲಿ ಇದೇ 2.5ರ ಗಮ್ಮಿ ಒಂದು ತಿಂದೆ. ಮುಕ್ಕಾಲು ಗಂಟೆ ಕಾದೆ, ಏನೂ ಇಲ್ಲ. ಮೋಸ ಅಂದುಕೊಂಡು ಉಳಿದ ಮೂರನ್ನೂ ಬಾಯಿಗೆ ಹಾಕಿ ದೋಸೆ ಹಾಕೋಕೆ ನಿಂತೆ. ಎರಡನೇ ದೋಸೆ ಮಗುಚುವಾಗ ಅನ್ನಿಸಿತು, ಮೊದಲನೇ ದೋಸೆ ಹಾಕಿ ಒಂದು ಗಂಟೆ ಆಗಿದೆಯಲ್ಲ, ಇದು ಯಾಕೆ ಇನ್ನೂ ಬೆಳ್ಳಗಿದೆ ಅಂತ. ಗಡಿಯಾರ ನೋಡಿದರೆ ಎರಡು ನಿಮಿಷ. ಆಮೇಲೆ ಎದೆ ಡವಡವ, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ಇನ್ನು ಸತ್ತೆ ಅಂತ ರೂಮ್‌ಮೇಟ್ ಕೈ ಹಿಡಿದುಕೊಂಡು ಸೋಫಾದಲ್ಲಿ ಕೂತಿದ್ದೆ, ಬೆಳಗಿನ ಜಾವದವರೆಗೆ. ಒಟ್ಟು ಬರೀ 10 ಎಂ.ಜಿ. ತಿಂದದ್ದು ಲಿವರ್ ದಾಟಿ ಮೇಲೆ ಬರೋಕೆ ಎರಡು ಗಂಟೆಯೂ ಆಗಬಹುದು ಅಂತ ಆಮೇಲೆ ಗೊತ್ತಾಯಿತು. ಪ್ಯಾಕಿನ ಮೇಲೂ ಬರೆದಿತ್ತು, ಓದಿದವರು ಯಾರು.

ಕೃಷ್ಣಾತೀರ

ಸುರಪುರ ಕಡೆಯವನು ನಾನು. ನಮ್ಮ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವೇ ಪ್ರಸಾದ, ಸಣ್ಣ ಪೊಟ್ಟಣದಲ್ಲಿ ಕೊಡುತ್ತಾರೆ. ಕೆಲವರು ಸೇದುತ್ತಾರೆ, ಕೆಲವರು ಕುದಿಸಿ ಕುಡಿಯುತ್ತಾರೆ, ಧ್ಯಾನಕ್ಕೆ ಅನ್ನುತ್ತಾರೆ. ಅದಕ್ಕೇ ಮೈಕ್ರೋಡೋಸ್ ಅನ್ನೋ ಮಾತು ಕೇಳಿದರೆ ನನಗೆ ನಗು ಬರುತ್ತೆ. ಆದರೆ ನಮ್ಮದನ್ನು ಹಾಡಿ ಹೊಗಳೋಕೂ ನಾನು ತಯಾರಿಲ್ಲ. ನಮ್ಮ ಸೋದರಮಾವ ಜಾತ್ರೆಗೆ ಒಂದು ಚಿಲುಮೆ ಅಂತ ಶುರು ಮಾಡಿದವನು, ಆಮೇಲೆ ಅಮಾವಾಸ್ಯೆಗೆ, ಆಮೇಲೆ ಸೋಮವಾರಕ್ಕೆ, ಕೊನೆಗೆ ಹೊಲಕ್ಕೆ ಹೋಗೋದನ್ನೇ ಬಿಟ್ಟ. ಅಕ್ಕ, ನಿಮ್ಮ ಅರ್ಧ ಇಡಿಯಾದದ್ದು ಓದಿ ಅವನೇ ನೆನಪಾದ.

ಕಪ್ಪುಕೋಟು

ಬ್ಯಾಗಿನಲ್ಲಿ ತರುವ ಯೋಚನೆ ಇವತ್ತೇ ಬಿಡಿ. ಕೆನಡಾದಿಂದ ಹೊರಗೆ ಒಯ್ಯುವುದೇ ಅಲ್ಲಿ ಅಪರಾಧ, ಇಲ್ಲಿ ಭಾರತದಲ್ಲಿ ಇಳಿದರೆ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕವಸ್ತು ತಡೆ ಕಾನೂನು. ಆ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ತುದಿ, ಚರಸ್ ಅಂದರೆ ಅಂಟು. ಇವು ಬೆರೆತ ಯಾವ ಮಿಶ್ರಣವೂ ಅದರಲ್ಲೇ ಬರುತ್ತದೆ. ಸಕ್ಕರೆ ಹಾಕಿ ಮಿಠಾಯಿ ಮಾಡಿದರೆ ತಪ್ಪಿಸಿಕೊಳ್ಳುವುದಿಲ್ಲ. ಹೂವಿಲ್ಲದ ಬರೀ ಎಲೆ, ಬೀಜ ಮಾತ್ರ ಆ ವ್ಯಾಖ್ಯೆಯ ಹೊರಗೆ. 2022ರಲ್ಲಿ ನಮ್ಮ ಹೈಕೋರ್ಟ್ ಎಲೆಯಿಂದ ಮಾಡುವ ಭಂಗಿಯ ಕೇಸೊಂದರಲ್ಲಿ ಜಾಮೀನು ಕೊಟ್ಟಾಗಲೂ ಇದೇ ಮಾತು ಬಂತು. ಆಯುರ್ವೇದದವರು ವಿಜಯಾ (ಈ ಗಿಡಕ್ಕೆ ಅವರು ಹೇಳುವ ಹೆಸರು) ಅಂತ ಚೀಟಿ ಬರೆದು ಕೊಡುವ ಎಣ್ಣೆ ಬರುವುದು ಈ ಎಲೆಯಿಂದ. ಹಾಗಂತ ಅದು ವಾರ್ಫರಿನ್ ಜೊತೆ ಸುರಕ್ಷಿತ ಅಂತಲ್ಲ, ಮಾತ್ರೆಕಾಕ ಹೇಳಿದ್ದು ಅದಕ್ಕೂ ಅನ್ವಯ.

ಚಳಿಯೂರಿನವಳು

ಎಲ್ಲರಿಗೂ ಥ್ಯಾಂಕ್ಸ್. ನಿಲ್ಲಿಸಿ ಒಂಬತ್ತು ದಿನ. ಮೊದಲ ಮೂರು ರಾತ್ರಿ ನರಕ, ಆಮೇಲೆ ಸಿಕ್ಕಾಪಟ್ಟೆ ಕನಸು, ಒಂದರಲ್ಲಿ ನಮ್ಮ ಹಳೇ ಮನೆ ಬಾವಿಗೆ ಗಮ್ಮಿ ಬಿದ್ದಿತ್ತು. ಡಾಕ್ಟರಿಗೆ ಹೇಳಿದೆ, ಮುಂದಿನ ತಿಂಗಳು ಮತ್ತೆ ನೋಡೋಣ, ಅಲ್ಲಿವರೆಗೆ ಬೇಡ ಅಂದರು. ಅಮ್ಮನಿಗೂ ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ಐದು ನಿಮಿಷ ಮಾತೇ ಇಲ್ಲ. ಆಮೇಲೆ ಕೇಳಿದ್ದು ಒಂದೇ: "ನನ್ನ ಅಡಕತ್ತರಿ ತೊಳೆದಿಟ್ಟಿದ್ದೀಯಾ?"