ಜಾಂಗೀರಿಗೊಬ್ಬ ರೂಮ್‌ಮೇಟು

"ಜಾಂಗೀರು ಎರಡು ದಿನದಿಂದ ಯಾಕೋ ಡಲ್ಲಾಗಿದೆ" ಅಂದ ಸುಬ್ಬು.

"ಪಾಕ ಸರಿಯಾಗಿ ಕುಡಿದಿರಲ್ಲ" ಅಂದರು ಶಾಮಣ್ಣ, ಕೋಡುಬಳೆ ಮುರಿಯುತ್ತಾ.

"ತಿನ್ನೋ ಜಾಂಗೀರಲ್ಲ ಶಾಮಣ್ಣ, ಈಜೋ ಜಾಂಗೀರು. ಅಲ್ನೋಡಿ."

ಟಿವಿ ಪಕ್ಕ, ಮೊದಲು ಮಗಳ ಮದುವೆ ಫೋಟೋ ಇದ್ದ ಜಾಗದಲ್ಲಿ ಒಂದೂವರೆ ಅಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ನೀಲಿ ಕಲ್ಲು, ಒಂದು ಪ್ಲಾಸ್ಟಿಕ್ ಗಿಡ, ಗುಳುಗುಳು ಅಂತ ಬಾಯಿ ತೆರೆದು ಮುಚ್ಚುವ ಒಂದು ನಿಧಿ ಪೆಟ್ಟಿಗೆ. ಇವುಗಳ ಮಧ್ಯೆ ಸಿಕ್ಕಿದ ಜಾಗದಲ್ಲಿ ಕಿತ್ತಲೆ ಬಣ್ಣದ, ಎರಡು ಬಾಲದ ಗೋಲ್ಡ್ ಫಿಶ್ಶು. ಬೇಸಿಗೆ ರಜಕ್ಕೆ ಪುಣೆಯಿಂದ ಬಂದಿದ್ದ ಮೊಮ್ಮಗ ಎದುರು ಅಪಾರ್ಟ್‌ಮೆಂಟಿನ ಬರ್ತಡೇ ಪಾರ್ಟಿಗೆ ಹೋಗಿ, ರಿಟರ್ನ್ ಗಿಫ್ಟ್ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ತಂದದ್ದು. ಜೂನ್ ಬಂತು, ಸ್ಕೂಲು ಶುರುವಾಯ್ತು, ಮೊಮ್ಮಗ ಹೊರಟ. ರಿಟರ್ನ್ ಗಿಫ್ಟು ಮಾತ್ರ ರಿಟರ್ನ್ ಆಗಲಿಲ್ಲ.

"ನಮ್ಮ ಕಾಲದಲ್ಲಿ ಬರ್ತಡೇಗೆ ಹೋದರೆ ಒಂದು ಪೆಪ್ಪರ್‌ಮೆಂಟು, ಹೆಚ್ಚೆಂದರೆ ಒಂದು ಪೆನ್ಸಿಲ್ಲು" ಅಂದ ನಾಣಿ. "ಈಗ ಜೀವಾನೇ ಕೈಗೆ ಕೊಟ್ಟು ಕಳಿಸ್ತಾರೆ. ಒಂದು ತುಂಡು ಕೇಕು ತಿಂದ ತಪ್ಪಿಗೆ ಹದಿನೈದು ವರ್ಷ ಸಾಕಬೇಕು."

"ಹದಿನೈದು ವರ್ಷಾನಾ?" ಅಡುಗೆಮನೆಯಿಂದ ವಿಶಾಲು ದನಿ.

"ಸರಿಯಾಗಿ ನೋಡಿಕೊಂಡರೆ ಅತ್ತಿಗೆ. ಇಂಗ್ಲೆಂಡಿನಲ್ಲಿ ಟಿಷ್ ಅಂತ ಒಂದು ಮೀನು, 1956ರಲ್ಲಿ ಯಾವನೋ ಹುಡುಗ ಜಾತ್ರೆಯಲ್ಲಿ ಗೆದ್ದುಕೊಂಡು ಬಂದದ್ದು, 1999ರವರೆಗೆ ಇತ್ತು. ನಮ್ಮ ರಾಜ್ಯ ಒಂದಾದ ವರ್ಷ ಮನೆಗೆ ಬಂದ ಮೀನು, ಇನ್ನು ಐದೇ ತಿಂಗಳು ತಡೆದಿದ್ದರೆ 2000 ನೋಡ್ತಿತ್ತು. 43 ವರ್ಷ! ಸುಬ್ಬು, ವಿಲ್ ಬರೆಯುವಾಗ ಇದರ ಹೆಸರು ಮರೀಬೇಡ."

"ಅದಕ್ಕೇ ಕಣೋ ಹೇಳ್ತಿರೋದು. ಅಷ್ಟು ವರ್ಷ ಒಂಟಿಯಾಗಿ ಹೇಗಿರುತ್ತೆ? ಫೋನ್ ಮಾಡಿದಾಗ ಮೊಮ್ಮಗನೂ ಅಂದ, ತಾತಾ, ಅದಕ್ಕೆ ಫ್ರೆಂಡೇ ಇಲ್ಲ ಅಂತ. ಇದರ ಜೊತೆ ಯಾವ ಮೀನು ಹಾಕಬಹುದು, ಹೇಳಿ."

ನಾಣಿಗೆ ಮೈ ಉರಿಯುವುದು ಇಲ್ಲೇ. ಯಾವುದನ್ನಾದರೂ ಸಾಕಲಿ, ತಂದ ಮರುದಿನವೇ ಅದಕ್ಕೆ ಬೋರಾಗುತ್ತೆ ಅಂತ ಇನ್ನೊಂದು ತರುವ ಈಚಿನ ಚಾಳಿ ಅವನಿಗೆ ಆಗಿಬರದು. (ನನಗೂ ಆಗಿಬರದು. ಆದರೆ ಕೋಡುಬಳೆ ತಿನ್ನುವವನು ನಾನು, ಮಾತಾಡುವವನು ಅವನು.)

"ತೊಟ್ಟಿಗೆ ಎಷ್ಟು ನೀರು ಹಿಡಿಯುತ್ತೆ?"

"ಎರಡು ಬಿಂದಿಗೆ ಹಾಕಿದೆ. ಸುಮಾರು 30 ಲೀಟರು."

"ಗೋಲ್ಡ್ ಫಿಶ್ ಒಂದೇ ಇದ್ದರೂ 75 ಲೀಟರಾದರೂ ಬೇಕು ಅಂತಾರೆ ಸಾಕಿ ಪಳಗಿದೋರು. ನಿನ್ನ ಜಾಂಗೀರು ಈಗಲೇ ಬಚ್ಚಲಲ್ಲಿ ಹಾಸಿಗೆ ಹಾಸಿಕೊಂಡಿದೆ. ನೀನು ಹೊರಗೆ ಟು-ಲೆಟ್ ಬೋರ್ಡು ನೇತುಹಾಕ್ತಿದೀಯ!"

ಶಾಮಣ್ಣನಿಗೆ ಇಂಥಲ್ಲಿ ಸುಮ್ಮನಿರಲಾಗದು. "ಸಂಖ್ಯೆ ಮುಖ್ಯ ನಾಣಿ. ಒಂಬತ್ತು ಇರಬೇಕು. ಎಂಟು ಬಂಗಾರದ ಬಣ್ಣದ್ದು, ಒಂದು ಕರಿದು. ನಮ್ಮ ಷಡ್ಡಕರ ಮನೇಲಿ ಈಶಾನ್ಯಕ್ಕೆ ಇಟ್ಟಿದಾರೆ. ಮನೆಗೆ ಬರೋ ಕಂಟಕವನ್ನ ಆ ಕರಿ ಮೀನು ತನ್ನ ಮೇಲೆ ಎಳ್ಕೊಂಡು ಹೋಗಿಬಿಡುತ್ತಂತೆ. ವರ್ಷದಲ್ಲಿ ನಾಲ್ಕು ಹೋಗಿವೆ."

"ಹೋಗದೆ ಏನು ಮಾಡ್ತವೆ? ಅದು ಕಂಟಕ ಅಲ್ಲ ಶಾಮಣ್ಣ, ಅಮೋನಿಯಾ, ಅವುಗಳ ಹೊಲಸಿಂದಲೇ ನೀರಿಗೆ ಸೇರೋ ವಿಷ. ಗೋಲ್ಡ್ ಫಿಶ್ಶಿಗೆ ಹೊಟ್ಟೆಯ ಚೀಲವೇ ಇಲ್ಲ. ಬಾಯಿಂದ ನೇರ ಕರುಳಿಗೆ. ದಿನವಿಡೀ ತಿನ್ನೋದು, ದಿನವಿಡೀ ಆ ಕಡೆ. ಕುಡಿಯೋ ನೀರು, ಸ್ನಾನದ ನೀರು, ಇನ್ನೊಂದು ನೀರು, ಎಲ್ಲಾ ಅದೇ ಎರಡು ಬಿಂದಿಗೆ. ಅದರಲ್ಲಿ ಒಂಬತ್ತು ಜನ! ದೇವಸ್ಥಾನದಲ್ಲಿ ಅಷ್ಟು ಜಾಗ ಬಿಟ್ಟು ನಿಲ್ಲಿಸಿದರೂ ನವಗ್ರಹಗಳು ಒಂದರ ಮುಖ ಒಂದು ನೋಡಲ್ಲ."

"ಒಂಬತ್ತು ಬೇಡ ಮಾರಾಯ, ಒಂದು ಹೇಳು" ಸುಬ್ಬು ಜೇಬಿನಿಂದ ಚೀಟಿ ತೆಗೆದ. ಮೀನಿನ ಅಂಗಡಿಗೆ ಹೋಗಿ ಹೆಸರುಗಳನ್ನೆಲ್ಲಾ ದಿನಸಿ ಪಟ್ಟಿಯ ಹಾಗೆ ಬರೆದುಕೊಂಡು ಬಂದಿದ್ದ. "ಫೈಟರ್?"

"ಅದು ಸಿಂಗಲ್ ರೂಮೇ ಬೇಕು ಅನ್ನೋ ಆಸಾಮಿ. ಪಕ್ಕದಲ್ಲಿ ಉದ್ದ ಬಾಲ ಕಂಡರೆ ಕಾಲು ಕೆರೆದು ಜಗಳ. ನಿನ್ನ ಜಾಂಗೀರಿಗೆ ಎರಡು ಬಾಲ."

"ಏಂಜಲ್? ಹೆಸರೇ ದೇವತೆ."

"ಹೆಸರು ನೋಡಿ ಮನೆ ಬಾಡಿಗೆಗೆ ಕೊಟ್ಟು ಕೆಟ್ಟೋರು ಈ ಬೀದೀಲೇ ಮೂರು ಜನ ಇದಾರೆ. ರೆಕ್ಕೆ ಕಚ್ಚುತ್ತೆ. ಟೈಗರ್ ಬಾರ್ಬ್ ಅಂತ ಬರೆದಿದ್ದರೆ ಅದನ್ನೂ ಹೊಡೆದುಹಾಕು, ಅದಕ್ಕೆ ಕಚ್ಚೋದೇ ಕಸುಬು."

"ನಿಯಾನ್ ಟೆಟ್ರಾ. ಪುಟ್ಟದು, ಪಾಪದ್ದು, ಮಿಂಚುತ್ತೆ."

"ಅಮೆಜಾನ್ ಕಾಡಿನದು, ಬೆಚ್ಚಗಿನ ನೀರು ಬೇಕು. 25 ಡಿಗ್ರಿ ಇದ್ದರೆ ಅದಕ್ಕೆ ಹಿತ. ಜಾಂಗೀರಿಗೆ 20ರ ಆಸುಪಾಸು ಸಾಕು, ಡಿಸೆಂಬರಿನ ಬೆಂಗಳೂರು ಅಂದರೆ ಪ್ರಾಣ. ಒಬ್ಬ ಫ್ಯಾನು ಹಾಕು ಅಂತಾನೆ, ಇನ್ನೊಬ್ಬ ಆರಿಸು ಅಂತಾನೆ. ಒಂದೇ ರೂಮಲ್ಲಿ ಇದಕ್ಕೆ ಆಗಿರೋ ಕೊಲೆಗಳು ಕಮ್ಮೀನಾ? ಇಲ್ಲಿ ಆ ತಾಪತ್ರಯವೂ ಇಲ್ಲ ಬಿಡು, ರೂಮ್‌ಮೇಟನ್ನ ಜಾಂಗೀರೇ ನುಂಗಿಬಿಡುತ್ತೆ."

ವಿಶಾಲು ಹೊರಗೆ ಬಂದರು. "ಏನಂದ್ರಿ? ನಮ್ಮ ಜಾಂಗೀರಾ? ಹಸಿ ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಚಿವುಟಿ ಹಾಕ್ತೀನಿ ನಾನು. ಅಂಗಡಿಯೋನು ಒಣಗಿದ ಹುಳ ಕೊಡ್ತೀನಿ ಅಂದ, ಈರುಳ್ಳಿ ಬೆಳ್ಳುಳ್ಳಿಯೇ ತರದ ಮನೆ ನಮ್ಮದು ಅಂತ ವಾಪಸು ಕೊಟ್ಟೆ."

"ಮನೇಲಿ ಬಟಾಣಿ ಅತ್ತಿಗೆ, ಹೊರಗೆ ಸಿಕ್ಕಿದ್ದು. ಇಂಥೋರನ್ನ ನಾವು ನೋಡೇ ಇಲ್ವಾ?" ನಾಣಿ ಶಾಮಣ್ಣನ ಕಡೆ ನೋಡಿದ. ಶಾಮಣ್ಣ ಕೋಡುಬಳೆಯ ಕಡೆ ನೋಡಿದರು. "ಗೋಲ್ಡ್ ಫಿಶ್ಶಿನ ಹಲ್ಲು ಗಂಟಲಲ್ಲಿರುತ್ತೆ, ಹೊರಗೆ ಕಾಣಲ್ಲ. ಬಾಯಿಗೆ ಹಿಡಿಸಿದ್ದೆಲ್ಲಾ ಆಹಾರವೇ."

"ಹಾಗಾದರೆ ಗಪ್ಪಿ ಜೋಡಿ?"

"ಅದೊಂದು ಮಾತ್ರ ನೀನು ಮಾಡಲೇಬಾರದು. ಗಂಡ ಹೆಂಡತಿ ಇಬ್ಬರೇ ಸಾರ್ ಅಂತ ಬರ್ತಾರೆ. ತಿಂಗಳು ತುಂಬೋದರೊಳಗೆ ಮೂವತ್ತು ಜನ. ನೀರಿನ ಬಿಲ್ ಯಾರು ಕಟ್ಟಬೇಕು? ಜಾಂಗೀರು ಆ ಮರಿಗಳನ್ನ ಒಂದೊಂದಾಗಿ ಗುಳುಂ ಮಾಡುವಾಗ ಎದುರು ಕೂತು ಜಪ ಮಾಡಕ್ಕಾಗುತ್ತಾ ನಿನಗೆ?"

ಸುಬ್ಬು ಗಪ್ಪಿಯನ್ನೂ ಹೊಡೆದುಹಾಕಿದ. ಚೀಟಿಯಲ್ಲಿ ಉಳಿದದ್ದು ಒಂದೇ. "ಸಕ್ಕರ್. ಇದು ಗ್ಯಾರಂಟಿ ಅಂದ ಅಂಗಡಿಯೋನು. ಗಾಜು ಎಲ್ಲಾ ನೆಕ್ಕಿ ಕ್ಲೀನ್ ಮಾಡುತ್ತಂತೆ."

"ಬಾಡಿಗೆ ಬೇಡ, ಮನೆ ಕೆಲಸ ಮಾಡ್ಕೊಂಡು ಇರ್ತೀನಿ ಅಂತ ಬರುತ್ತೆ. ರಾತ್ರಿ ಪಾಚಿ ಮುಗಿದ ಮೇಲೆ ಯಜಮಾನನ ಮೈಗೇ ಬಾಯಿ ಅಂಟಿಸುತ್ತೆ. ಗೋಲ್ಡ್ ಫಿಶ್ಶಿನ ಮೈಮೇಲಿನ ಲೋಳೆ ಅಂದರೆ ಅದಕ್ಕೆ ತುಪ್ಪ ಇದ್ದ ಹಾಗೆ. ಈಗ ಎರಡಿಂಚು ಇದೆ, ಬೆಳೆದರೆ ಒಂದಡಿ ಮೀರುತ್ತೆ. ನಿನ್ನ ತೊಟ್ಟೀಲಿ ತಿರುಗಬೇಕಾದರೆ ರಿವರ್ಸ್ ಗೇರ್ ಹಾಕಬೇಕು."

"ದೊಡ್ಡದಾದರೆ ಕೆರೆಗೆ ಬಿಟ್ಟರಾಯ್ತು" ಅಂದರು ಶಾಮಣ್ಣ. "ಪುಣ್ಯವೂ ಬರುತ್ತೆ."

"ಆ ಪುಣ್ಯ ಈಗಾಗಲೇ ಬೇಕಾದಷ್ಟು ಬಂದಿದೆ. ಆಂಧ್ರದ ಕಡೆ ಬಲೆ ಎಳೆದರೆ ರೋಹು, ಕಾಟ್ಲಾ ಬದಲು ಇವೇ ಬರ್ತವೆ. ಮೈಯ ಮುಳ್ಳಿಗೆ ಸಿಕ್ಕಿ ಬಲೆಯೂ ಹರಿಯುತ್ತೆ. ಯಾರದೋ ಹಾಲಿನ ಶೋಕಿ, ಯಾರದೋ ಬಲೆ."

ಮಾತು ಅಲ್ಲಿಂದ ಕೆರೆಗೆ ಹೋಯಿತು. ಯಾವ ಕೆರೆಯಲ್ಲಿ ನೊರೆ, ಯಾವ ಕೆರೆಯಲ್ಲಿ ಬಸ್ ಸ್ಟ್ಯಾಂಡು ಅಂತ ಲೆಕ್ಕ ಹಾಕಿದೆವು. ಕಾಲುವೆಗೆ ಟವೆಲ್ ಅಡ್ಡ ಹಿಡಿದು, ಹಾರ್ಲಿಕ್ಸ್ ಬಾಟಲಿಗೆ ಮೀನು ಮರಿ ತುಂಬಿಸಿಕೊಂಡು ಬಂದು, ಬೆಳಗಾಗುವುದರೊಳಗೆ ಅವು ಬೆಳ್ಳಗೆ ತೇಲಿ, ಅಜ್ಜಿಯಿಂದ ಬೈಸಿಕೊಂಡದ್ದು ನಾಲ್ವರಿಗೂ ಒಂದೇ ಕತೆ, ಊರು ಬೇರೆ. ಶಾಮಣ್ಣ ಶೃಂಗೇರಿಗೆ ಹೋದರು. ತುಂಗೆಯ ಮೆಟ್ಟಿಲ ಮೇಲೆ ನಿಂತು ಪುರಿ ಎಸೆದರೆ ತೊಡೆ ಗಾತ್ರದ ಮೀನುಗಳು ಒಂದರ ಮೇಲೊಂದು ಬೀಳುತ್ತವೆ, "ಅವುಗಳಿಗೆ ಯಾರು ಜೊತೆ ಹುಡುಕಿದರು?" ಅಂತ ತಾವೇ ಕೇಳಿ, ತಮ್ಮ ಒಂಬತ್ತು ಮೀನಿನ ವಾದಕ್ಕೆ ತಾವೇ ನೀರು ಬಿಟ್ಟರು.

"ಮನುವನ್ನೇ ತಗೋ" ನಾಣಿ ಕಾಫಿ ಲೋಟ ಕೆಳಗಿಟ್ಟ. ಅವನು ಲೋಟ ಕೆಳಗಿಟ್ಟರೆ ಪುರಾಣ ಬರುತ್ತದೆ ಅಂತ ಅರ್ಥ. "ಕೈ ತೊಳೆಯೋಕೆ ತಂದ ನೀರಲ್ಲಿ ಒಂದು ಪುಟ್ಟ ಮೀನು. ದೊಡ್ಡ ಮೀನು ನನ್ನನ್ನ ತಿಂದುಬಿಡುತ್ತೆ, ಕಾಪಾಡು ಅಂತು. ಗಡಿಗೇಲಿಟ್ಟ. ಬೆಳೀತು, ಹೊಂಡಕ್ಕೆ ಬಿಟ್ಟ. ಇನ್ನೂ ಬೆಳೀತು, ಸಮುದ್ರಕ್ಕೆ ಬಿಟ್ಟ. ಅಷ್ಟು ಸಲ ಜಾಗ ಬದಲಾಯಿಸಿದನಲ್ಲ, ಒಂದು ಸಲವಾದರೂ 'ನಿನಗೆ ಬೋರಾಗ್ತಿದೆಯಾ, ಒಂದು ಸಕ್ಕರ್ ತಂದುಕೊಡ್ಲಾ' ಅಂತ ಕೇಳಿದನಾ? ಕೇಳಿದ್ದರೆ ಪ್ರಳಯದ ದಿನ ದೋಣಿ ಎಳೆಯೋಕೆ ಯಾರೂ ಬರ್ತಿರಲಿಲ್ಲ."

"ಅಂದರೆ ಯಾರೂ ಬೇಡ ಅಂತೀಯ" ಸುಬ್ಬುವಿನ ಮುಖ ಸಣ್ಣಗಾಯಿತು.

"ಬರಲೇಬೇಕಾದ ಬಾಡಿಗೆದಾರರು ಇದಾರೆ. ಕಣ್ಣಿಗೆ ಕಾಣಲ್ಲ, ಬ್ಯಾಕ್ಟೀರಿಯಾ. ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಸಂದಿಯಲ್ಲಿ ಕೂತು ಆ ಅಮೋನಿಯಾವನ್ನ ನೈಟ್ರೈಟು, ಆಮೇಲೆ ಅಷ್ಟೇನೂ ವಿಷವಲ್ಲದ ನೈಟ್ರೇಟು ಮಾಡ್ತವೆ. ಹೊಸ ತೊಟ್ಟೀಲಿ ಅವು ನೆಲೆ ನಿಲ್ಲೋಕೆ ತಿಂಗಳು, ಒಂದೂವರೆ ತಿಂಗಳು. ನೀನು ಸ್ಪಂಜನ್ನ ನಲ್ಲಿ ಕೆಳಗೆ ಹಿಡಿದು ತಿಕ್ಕಿ ತೊಳೀತೀಯಲ್ಲ, ಪ್ರತಿ ಭಾನುವಾರ..."

"ಬೆಳ್ಳಗಾಗುತ್ತೆ" ಅಂದ ಸುಬ್ಬು ಹೆಮ್ಮೆಯಿಂದ.

"ನಲ್ಲಿಯ ಕ್ಲೋರಿನ್ನಿಗೆ ಅವೆಲ್ಲಾ ಸಾಯ್ತವೆ. ಪ್ರತಿ ಭಾನುವಾರ ಒಳ್ಳೇ ಬಾಡಿಗೆದಾರರನ್ನ ಸಾಮಾನು ಸಮೇತ ಬೀದಿಗೆ ಹಾಕಿ, ಸೋಮವಾರ ಯಾರೂ ಸಿಗಲ್ಲ ಅಂತ ಅಳೋ ಓನರ್ ನೀನು. ತೊಟ್ಟಿಯಿಂದಲೇ ತೆಗೆದ ನೀರಲ್ಲಿ ಸುಮ್ಮನೆ ಅದ್ದಿ ಹಿಂಡು, ಸಾಕು. ಜಾಂಗೀರು ಡಲ್ಲಾಗಿರೋದು ಬೇಜಾರಿಗಲ್ಲ ಕಣೋ, ವಾಸನೆಗೆ."

"ಒಂದು ಬಸವನಹುಳು?" ಸುಬ್ಬು ಕೊನೆಯ ಪ್ರಯತ್ನ ಮಾಡಿದ.

ನಾಣಿ ಯೋಚಿಸಿದ. "ಅದು ಪರವಾಗಿಲ್ಲ. ಬರುವಾಗಲೇ ಸ್ವಂತ ಮನೆ ಬೆನ್ನ ಮೇಲೆ ಹೊತ್ಕೊಂಡು ಬರೋ ಬಾಡಿಗೆದಾರ ಬೆಂಗಳೂರಿನಲ್ಲಿ ಇನ್ನೆಲ್ಲಿ ಸಿಗ್ತಾನೆ? ಆದರೆ ಜಾಂಗೀರಿನ ಬಾಯಿಗಿಂತ ದೊಡ್ಡದು ನೋಡಿ ತಾ. ಇನ್ನು ತೊಟ್ಟಿ ವಿಷಯ, ಇಟಲಿಯ ಮೋಂಜಾ ಅನ್ನೋ ಊರಲ್ಲಿ 2004ರಲ್ಲೇ ಗುಂಡನೆ ಬಟ್ಟಲಲ್ಲಿ ಮೀನು ಇಡಬಾರದು ಅಂತ ಕಾನೂನು ಮಾಡಿದರು. ನಿನ್ನದು ಚೌಕ, ಅದಕ್ಕೆ ಬಚಾವು."

"ಇಷ್ಟೆಲ್ಲಾ ಯಾಕೆ?" ಅಂದರು ಶಾಮಣ್ಣ. "ಅದಕ್ಕೆ ನೆನಪಿರೋದೇ ಮೂರು ಸೆಕೆಂಡಂತೆ. ಬೇಜಾರಾಗಿದೆ ಅನ್ನೋದು ನೆನಪಾಗೋದರೊಳಗೆ ಮರೆತಿರುತ್ತೆ."

"ಅದು ಶುದ್ಧ ಸುಳ್ಳು. ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತೆ. ಊಟ ಹಾಕೋರ ಗುರುತು ಹಿಡಿಯುತ್ತೆ."

"ಹೌದು ಮತ್ತೆ" ಅಂದರು ವಿಶಾಲು. "ನಾನು ಗಾಜಿನ ಹತ್ತಿರ ಹೋದರೆ ಮೇಲೆ ಬಂದು ಬಾಯಿ ಬಾಯಿ ಬಿಡುತ್ತೆ. ಇವರು ಹೋದರೆ ಅಲ್ಲಾಡಲ್ಲ."

ಏಳು ಗಂಟೆಯಾಗುತ್ತಾ ಬಂತು. ಪುಣೆಯ ಫೋನಿನ ಹೊತ್ತು. ಸುಬ್ಬು ಎದ್ದು ತಲೆ ಬಾಚಿಕೊಂಡ. ತೊಟ್ಟಿಯ ಲೈಟು ಹಾಕಿ, ಪಂಚೆಯ ತುದಿಯಿಂದ ಗಾಜು ಒರೆಸಿ, ನಿಧಿ ಪೆಟ್ಟಿಗೆಯನ್ನು ಸ್ವಲ್ಪ ಬಲಕ್ಕೆ ಸರಿಸಿದ. ಫೋನು ಬಂತು.

"ಹಾಯ್ ತಾತಾ."

"ನೋಡೋ ಇಲ್ಲಿ, ಜಾಂಗೀರು! ಇವತ್ತು ಅದಕ್ಕೆ ಒಂದು ಫ್ರೆಂಡ್ ಹುಡುಕಿದೀವಿ. ಮನೆ ಹೊತ್ಕೊಂಡು ಬರೋ ಫ್ರೆಂಡು!"

"ಯಾವ ಜಾಂಗೀರು?"

"ಅದೇ ಪುಟ್ಟಾ, ನಿನ್ನ ಫಿಶ್ಶು."

ಆ ಕಡೆ ಟಿವಿಯ ಸದ್ದು. ಆಮೇಲೆ, "ಓ... ಅದಿನ್ನೂ ಇದ್ಯಾ? ತಾತಾ, ಪಪ್ಪ ನಂಗೆ ಹ್ಯಾಮ್‌ಸ್ಟರ್ ಕೊಡಿಸ್ತಾರೆ! ಬಾಯ್ ತಾತಾ, ಅಜ್ಜಿಗೂ ಬಾಯ್."

ಸುಬ್ಬು ಫೋನನ್ನು ಇನ್ನೂ ತೊಟ್ಟಿಯ ಕಡೆಗೇ ಹಿಡಿದುಕೊಂಡಿದ್ದ. ವಿಶಾಲು ಡಬ್ಬಿಯಿಂದ ನಾಲ್ಕು ಕಾಳು ತೆಗೆದು ನೀರಿಗೆ ಉದುರಿಸಿದರು. ಜಾಂಗೀರು ಮೇಲೆ ಬಂತು.

ನಾಣಿ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನಮ್ಮ ಹಿತ್ತಲಲ್ಲಿ ಅಮ್ಮನ ಕಾಲದ ಕಲ್ಲುಬಾನಿ ಇದೆಯಲ್ಲ, 200 ಲೀಟರಿಗೆ ಮೋಸವಿಲ್ಲ. ತೊಳೆದು, ಮೇಲೊಂದು ಜಾಲರಿ ಮುಚ್ಚಿಸ್ತೀನಿ. ಅಲ್ಲಿ ಬಿಡೋಣ, ಆರಾಮಾಗಿರುತ್ತೆ. ದಿನಾ ಸಂಜೆ ನೀವಿಬ್ಬರೂ ಬಂದು ನೋಡ್ಕೊಂಡು ಹೋಗಿ" ಅಂದ.

"ಬೇಡ ಕಣೋ" ಅಂದ ಸುಬ್ಬು. "ಬರೋ ಭಾನುವಾರ ಕೇಳಿಬಿಟ್ಟರೆ?"