ಮೋರಿ ಕಟ್ಟೆಯಲ್ಲಿ ಕೂರುವ ಹುಡುಗರ ವಿಷಯ (ನಮ್ಮ ಬಡಾವಣೆ ಗ್ರೂಪ್, ಬದಿಯಡ್ಕ, ಕೇರಳದ ಕಾಸರಗೋಡು)

ಅಂಗಡಿ ಭಟ್ರು: ನಿನ್ನೆಯೂ ರಾತ್ರಿ ಹನ್ನೊಂದರವರೆಗೆ ಅದೇ ನಾಲ್ಕು ಮಂದಿ ಮೋರಿ ಮೇಲೆ, ಹೆಂಗಸ್ರು ಆ ದಾರಿಯಲ್ಲಿ ಹೋಗುದು ಹೇಗೆ ಮಾರಾಯ್ರೇ. ಸ್ಟೇಷನ್ನಿಗೊಂದು ಅರ್ಜಿ ಕೊಡುವ, ಎಲ್ಲರೂ ಸೈನ್ ಹಾಕಿ

ಕೊನೆ ಮನೆ ಅಕ್ಕ: ನಾನು ದಿನಾ ಅದೇ ದಾರಿಯಲ್ಲಿ ಬರುದು ಭಟ್ರೇ, ಒಂದು ಮಾತಾಡಿದವರಲ್ಲ. ಅದ್ರಲ್ಲಿ ಒಬ್ಬ ನಮ್ಮವನೇ, ಗಲ್ಫಲ್ಲಿ ಕೆಲಸ ಹೋಗಿ ಬಂದವ, ವೀಸಾಕ್ಕೆ ಮಾಡಿದ ಸಾಲ ಹಾಗೇ ಉಂಟು, ಮನೆಯಲ್ಲಿ ಕೂತ್ರೆ ಬ್ಯಾಂಕಿನವರ ಫೋನು, ಅಪ್ಪನ ಮುಖ, ಅದಕ್ಕೇ ಮೋರಿ. ನಿದ್ದೆ ಇಲ್ಲ, ಎದೆ ಉರಿ ಅಂತ ಗ್ಯಾಸಿನ ಮಾತ್ರೆ ನುಂಗುದು

ಆಶಾ ಅಕ್ಕ: ತಲೆಭಾರ, ಎದೆ ಡವಡವ ಅಂತಲೇ ಬರುದು ಎಲ್ಲರೂ, ಮನಸ್ಸಿಗೆ ಆಗುದಿಲ್ಲ ಅಂತ ಯಾರು ಹೇಳ್ತಾರೆ. ಬೀಡಿ ಕಟ್ಟುವ ಹೆಂಗಸರಲ್ಲೂ ಉಂಟು, ಕೆಲಸ ಕಡಿಮೆಯಾದ ವಾರ ಸಂಘದ ಕಂತಿನ ಚಿಂತೆ. ನಿಮ್ಹಾನ್ಸಿನವರು 2015-16ರಲ್ಲಿ ಕೇರಳವೂ ಸೇರಿ 12 ರಾಜ್ಯದಲ್ಲಿ ಸರ್ವೆ ಮಾಡಿದ್ರು, ಖಿನ್ನತೆ, ಆತಂಕ ಇಂಥದ್ದಿರುವವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಇಲ್ಲ. ಮತ್ತೆ ಅಕ್ಕಾ, ಆ ಮೆಸೇಜ್ ಡಿಲೀಟ್ ಮಾಡಿ, ಯಾರಂತ ಗೊತ್ತಾಗ್ತದೆ

ಕೊನೆ ಮನೆ ಅಕ್ಕ: ಅವನನ್ನು ಕೇಳಿಯೇ ಬರೆದದ್ದು

ಅಂಗಡಿ ಭಟ್ರು: ಕೆಲಸ ಹೋಗಿ ತಲೆ ಕೆಟ್ಟದ್ದಾ, ತಲೆ ಕೆಟ್ಟು ಕೆಲಸ ಹೋದದ್ದಾ? ನಮ್ಮ ಕಾಲದಲ್ಲಿ ಯಾರ ಹತ್ರ ದುಡ್ಡಿತ್ತು

ಮಾಷ್ಟ್ರು: ಎರಡೂ ಆಗ್ತದೆ ಭಟ್ರೇ. ಕೆಲಸ ಹೋದ್ರೆ ಸಾಲ, ಸಾಲಕ್ಕೆ ನಿದ್ದೆಗೇಡು, ನಿದ್ದೆಗೆಟ್ಟವ ಇಂಟರ್‌ವ್ಯೂಗೆ ಹೋಗಿ ಎಂತ ಹೇಳುದು? 1930ರ ಹೊತ್ತಿಗೆ ಆಸ್ಟ್ರಿಯಾದ ಮರೀನ್‌ತಾಲ್ ಅನ್ನುವಲ್ಲಿ ಬಟ್ಟೆ ಮಿಲ್ಲು ಮುಚ್ಚಿತ್ತು, ಮಾರಿ ಯಾಹೋಡಾ ಅನ್ನುವ ಸಂಶೋಧಕಿ ಮತ್ತು ಜತೆಯವರು ಹೋಗಿ ನೋಡಿದ್ರೆ ಜನರಿಗೆ ಹೊತ್ತು ಬೇಕಾದಷ್ಟು, ಆದ್ರೂ ಲೈಬ್ರರಿಯಿಂದ ಪುಸ್ತಕ ಒಯ್ಯುದು ಮೊದಲಿಗಿಂತ ಕಡಿಮೆ, ಗಂಡಸ್ರ ನಡಿಗೆಯೇ ನಿಧಾನ ಆಗಿತ್ತು. ಬಡವರೆಲ್ಲ ರೋಗಿಗಳು ಅಂತ ಅರ್ಥ ಮಾಡ್ಬೇಡಿ ಮತ್ತೆ

ಮೊಬೈಲ್ ರಿಪೇರಿ ಅಣ್ಣ: ಪಾಠ ಸಾಕು ಮಾಷ್ಟ್ರೇ 😄 ನನ್ನ ಅಂಗಡಿಗೆ ಒಬ್ಬ ಬೇಕು, ಕಲಿಸ್ತೇನೆ, ಸುರುವಿಗೆ ಊಟ ಬಸ್ಸು ಖರ್ಚು, ಆಮೇಲೆ ಸಂಬಳ

ಕುಟುಂಬಶ್ರೀ ಅಕ್ಕ: ನಮ್ಮ ಹೆಂಗಸರ ಸಂಘದ ಕಂತು ಕಟ್ಲಿಕ್ಕಾಗದವರ ವಿಷಯ ಈ ವಾರದ ಮೀಟಿಂಗಲ್ಲಿ ತೆಗೀತೇನೆ, ಎಲ್ಲರೆದುರು ಹೆಸರು ಓದುದು ಮೊದಲು ನಿಲ್ಲಬೇಕು

ಆಶಾ ಅಕ್ಕ: ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಉಂಟು, ನಂಬರು 14416, ಫ್ರೀ, ರಾತ್ರಿಯೂ ಉಂಟು, ಕನ್ನಡ ಬೇಕು ಅಂತ ಹೇಳ್ಬಹುದು. ಆಸ್ಪತ್ರೆಯ ಮಲಯಾಳ ಫಾರ್ಮು ನೋಡಿ ಹೆದರುವವರಿದ್ರೆ ನಾನು ಜತೆಗೆ ಬರ್ತೇನೆ, ನನಗೆ ಪರ್ಸನಲ್ ಮೆಸೇಜ್ ಮಾಡಿ

ಅಂಗಡಿ ಭಟ್ರು: ಅರ್ಜಿ ಸದ್ಯ ಬೇಡ ಆಯ್ತು. ಆದ್ರೆ ಮೋರಿ ಹತ್ರ ಲೈಟು ಬೇಕೇ ಬೇಕು, ಪಂಚಾಯತು ಮೆಂಬರಿಗೆ ನಾನು ಹೇಳ್ತೇನೆ. ಆದಿತ್ಯವಾರ ನಾಲ್ಕಕ್ಕೆ ಅಂಗಡಿ ಹಿಂದೆ ಸೇರುವ, ಹುಡುಗರನ್ನೂ ಕರೀರಿ, ಚಾ ನನ್ನ ಲೆಕ್ಕ

ಕೊನೆ ಮನೆ ಅಕ್ಕ: ಕರೀತೇನೆ. ಉಪದೇಶ ಸುರು ಮಾಡಿದ್ರೆ ಅರ್ಧಕ್ಕೇ ಎದ್ದು ಹೋಗ್ತಾರೆ, ಈಗಲೇ ಹೇಳಿದ್ದೇನೆ